ಕಿತ್ತೂರು ಚೆನ್ನಮ್ಮ: ಚಿತ್ರ ನೋಡುವ ಮೊದಲು ಒಂದಿಷ್ಟು



ಬರುವ ಅಕ್ಟೋಬರ್ 26, ಆದಿತ್ಯವಾರ ನಮ್ಮ ಸಂಘದ ಸಭಾಂಗಣದಲ್ಲಿ 1961ರ 'ಕಿತ್ತೂರು ಚೆನ್ನಮ್ಮ' ಚಲನಚಿತ್ರದ ಪ್ರದರ್ಶನ ಏರ್ಪಡಿಸಲಾಗಿದೆ. ಕಳೆದ ಜುಲೈ 14ರಂದು ಬಿ. ಸರೋಜಾದೇವಿಯವರು ತೀರಿಕೊಂಡಾಗ ಸಂಘದಿಂದ ಒಂದು ಸಂತಾಪ ಸೂಚಕ ಸಭೆ ಮಾಡಿದ್ದೆವು. ಆಗಲೇ ಅವರ ಒಂದು ಚಿತ್ರವನ್ನು ಎಲ್ಲರೂ ಕೂಡಿ ನೋಡಬೇಕೆಂಬ ಮಾತು ಬಂದಿತ್ತು. ಯಾವ ಚಿತ್ರ ಎಂಬುದಕ್ಕೆ ಕಾರ್ಯಕಾರಿ ಸಮಿತಿಯಲ್ಲಿ ಎರಡು ಸಭೆ ಬೇಕಾಯಿತು. ಉಪ್ಪಳದ ಸದಸ್ಯರಿಗೆ ಬಣ್ಣದ ಚಿತ್ರ ಬೇಕಿತ್ತು, ಬದಿಯಡ್ಕದವರಿಗೆ ಹಾಡು ಜಾಸ್ತಿ ಇರುವ ಚಿತ್ರ ಬೇಕಿತ್ತು. ಕೊನೆಗೆ ಅಕ್ಟೋಬರ್ ತಿಂಗಳು, ಕಿತ್ತೂರಿನ ವಿಜಯದ ತಿಂಗಳು ಎಂಬ ಕಾರಣದಿಂದ ಈ ಕಪ್ಪುಬಿಳುಪು ಚಿತ್ರವೇ ಗೆದ್ದಿತು.

ಪ್ರಕಟಣೆ ಹಾಕಿದ ಮೇಲೆ ಸುಳ್ಯದ ಕಡೆಯ ಒಬ್ಬ ತರುಣ ಸದಸ್ಯರು ಫೋನು ಮಾಡಿ, ಬೇಕಲ ಕೋಟೆ ಕಟ್ಟಿಸಿದವರ ಮನೆತನದ ರಾಣಿಯೇ ಈಕೆ ಅಲ್ಲವೇ ಎಂದು ಕೇಳಿದರು. ಈ ಪ್ರಶ್ನೆ ಕೇಳಿದವರಲ್ಲಿ ಅವರು ಮೊದಲಿಗರಲ್ಲ. ಬೇಕಲ, ಚಂದ್ರಗಿರಿ ಮೊದಲಾದ ನಮ್ಮ ಕಡೆಯ ಕೋಟೆಗಳಿಗೆ ಸಂಬಂಧಪಟ್ಟವರು ಕೆಳದಿಯ ನಾಯಕರು. ಆ ಮನೆತನದ ಕೆಳದಿ ಚೆನ್ನಮ್ಮ ಆಳಿದ್ದು 1671ರಿಂದ 1696ರವರೆಗೆ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರು ಹಾಕಿಕೊಂಡವಳು ಅವಳು. ಕಿತ್ತೂರಿನ ಚೆನ್ನಮ್ಮ ಹುಟ್ಟಿದ್ದು ಅದಾಗಿ ಸುಮಾರು ನೂರು ವರ್ಷದ ಮೇಲೆ, ಬೆಳಗಾವಿಯ ಹತ್ತಿರ. ಹೆಸರು ಒಂದೇ, ಇಬ್ಬರೂ ವಿಧವೆಯರು, ಇಬ್ಬರೂ ರಾಜ್ಯದ ಹೊಣೆ ಹೊತ್ತವರು. ಗೊಂದಲವಾಗುವುದು ಸಹಜ. ಹಾಗಾಗಿ ಚಿತ್ರ ನೋಡುವ ಮೊದಲು ಕಿತ್ತೂರಿನ ಚೆನ್ನಮ್ಮನ ಬಾಳನ್ನು ನಾಲ್ಕು ಮಾತಿನಲ್ಲಿ ಬರೆದು ಹಾಕೋಣವೆಂದು ಕುಳಿತೆವು. ನಾಲ್ಕು ಮಾತು ಎಂದದ್ದು ಉದ್ದವಾಗಿದೆ, ಕ್ಷಮೆ ಇರಲಿ.

ನಾವು ಈ ಚಿತ್ರವನ್ನು ಮೊದಲು ನೋಡಿದ್ದು ಏಳನೆಯ ತರಗತಿಯಲ್ಲಿದ್ದಾಗ, ಅದು ಬಿಡುಗಡೆಯಾಗಿ ಹತ್ತು ವರ್ಷಕ್ಕೂ ಮೇಲೆ, ಹಳೆಯ ಚಿತ್ರಗಳು ಮರಳಿ ಬರುತ್ತಿದ್ದ ಒಂದು ಟಾಕೀಸಿನಲ್ಲಿ. ಅಂದು ಕಂಡದ್ದು ಕತ್ತಿ, ಕುದುರೆ, ತೋಪು ಇಷ್ಟೇ. ಆಮೇಲೆ ನಮ್ಮ ಕನ್ನಡ ಮಾಧ್ಯಮ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಈ ಚೆನ್ನಮ್ಮನನ್ನು ಎಷ್ಟು ಸಲ ಕಂಡೆವೋ ಲೆಕ್ಕವಿಲ್ಲ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಯಾವ ಶಾಲೆಗೆ ತೀರ್ಪುಗಾರರಾಗಿ ಹೋದರೂ ಛದ್ಮವೇಷದಲ್ಲಿ ಒಬ್ಬಳಾದರೂ ಚೆನ್ನಮ್ಮ ಇರುತ್ತಾಳೆ. ರಟ್ಟಿನ ಕತ್ತಿಗೆ ಬೆಳ್ಳಿ ಕಾಗದ ಸುತ್ತಿ, ಅಜ್ಜಿಯ ಪಟ್ಟೆ ಸೀರೆಯನ್ನು ಕಚ್ಚೆ ಹಾಕಿ, ಕಪ್ಪ ಏಕೆ ಕೊಡಬೇಕೆಂದು ಗರ್ಜಿಸಿ, ಎರಡು ನಿಮಿಷದೊಳಗೆ ಇಳಿದು ಹೋಗುತ್ತಾಳೆ. ಬಹುಮಾನವೂ ಹೆಚ್ಚಾಗಿ ಅವಳಿಗೇ.

ನಿವೃತ್ತರಾದ ಮೇಲೆ, ಓದುವುದಕ್ಕೆ ಸಮಯ ಸಿಕ್ಕಾಗ, ಆ ಕಾಲದ ಸಂಗತಿಗಳನ್ನು ಸ್ವಲ್ಪ ಹುಡುಕಿ ಓದಿದೆವು. ಆಗ ತಿಳಿದದ್ದು, 1824ರ ಜಗಳ ಹೊತ್ತಿಕೊಂಡದ್ದು ಕಪ್ಪದ ಮಾತಿನಿಂದ ಅಲ್ಲ, ಒಂದು ಪತ್ರದಿಂದ ಎಂಬುದು. ಜೀವಮಾನವೆಲ್ಲ ಕಡತ ಕಟ್ಟಿ ಬಿಚ್ಚಿದ ಗುಮಾಸ್ತರಿಗೆ ಇದಕ್ಕಿಂತ ಹತ್ತಿರದ ಸಂಗತಿ ಇನ್ನೇನು ಬೇಕು.

ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ, ಬೆಳಗಾವಿಯಿಂದ ಸ್ವಲ್ಪವೇ ಉತ್ತರಕ್ಕಿರುವ ಕಾಕತಿಯಲ್ಲಿ. ತಂದೆ ಧೂಳಪ್ಪ ದೇಸಾಯಿ. ಕುದುರೆ ಸವಾರಿ, ಬಿಲ್ಲು, ಕತ್ತಿವರಸೆ ಎಲ್ಲವನ್ನೂ ಕಲಿತಿದ್ದಳೆಂದು ಎಲ್ಲರೂ ಬರೆಯುತ್ತಾರೆ. ಹುಲಿ ಬೇಟೆಯಲ್ಲಿ ಕಿತ್ತೂರಿನ ಮಲ್ಲಸರ್ಜ ದೇಸಾಯಿಯ ಭೇಟಿಯಾಯಿತು, ಒಂದೇ ಹುಲಿಗೆ ಇಬ್ಬರ ಬಾಣವೂ ನಾಟಿತ್ತು ಎಂಬ ಕತೆಯೂ ಉಂಟು. ಕತೆ ಚೆನ್ನಾಗಿದೆ, ಹಾಗೆಯೇ ಇರಲಿ. ಮಲ್ಲಸರ್ಜನಿಗೆ ಮೊದಲೇ ರುದ್ರಮ್ಮ ಎಂಬ ರಾಣಿಯಿದ್ದಳು. ಚೆನ್ನಮ್ಮ ಎರಡನೆಯವಳಾಗಿ ಆ ಮನೆಗೆ ಬಂದಳು.

ಕಿತ್ತೂರು ದೊಡ್ಡ ರಾಜ್ಯವೇನಲ್ಲ. ಧಾರವಾಡಕ್ಕೂ ಬೆಳಗಾವಿಗೂ ನಡುವೆ ಇರುವ ಒಂದು ಸಂಸ್ಥಾನ. ಮಲೆನಾಡಿನ ಸಾಗರದ ಕಡೆಯಿಂದ ಬಂದ ಮಲ್ಲಶೆಟ್ಟಿ ಸಹೋದರರು 1585ರ ಸುಮಾರಿಗೆ ಕಟ್ಟಿದ ಮನೆತನ. ಒಂದು ಕಡೆ ಮರಾಠರು, ಇನ್ನೊಂದು ಕಡೆ ಮೈಸೂರು, ನಡುವೆ ಕಿತ್ತೂರು. ಗಡಿಯಲ್ಲಿ ಇರುವವರ ಪಾಡು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮಲ್ಲಸರ್ಜ ಯೌವನದಲ್ಲಿ ಟಿಪ್ಪುವಿನ ಸೆರೆಯಲ್ಲಿದ್ದು ತಪ್ಪಿಸಿಕೊಂಡು ಬಂದವನು. ವಯಸ್ಸಾದ ಮೇಲೆ ಪೇಶ್ವೆ ಎರಡನೆಯ ಬಾಜೀರಾಯ ಅವನನ್ನು ಪುಣೆಗೆ ಕರೆದೊಯ್ದು ಹಿಡಿದಿಟ್ಟ. ಮರಳಿ ಬರುವಾಗ ಮೈಯಲ್ಲಿ ಜೀವ ಮಾತ್ರ ಉಳಿದಿತ್ತು. 1816ರಲ್ಲಿ ತೀರಿಕೊಂಡ. ಚೆನ್ನಮ್ಮ ಹೆತ್ತ ಮಗನೂ ಉಳಿಯಲಿಲ್ಲ. ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದ. ಅವನ ಆರೋಗ್ಯ ಸದಾ ನೆಟ್ಟಗಿರಲಿಲ್ಲ. ಮಲತಾಯಿ ಎಂಬ ಪದಕ್ಕೆ ನಮ್ಮ ಕತೆಗಳಲ್ಲಿ ಇರುವ ಕೆಟ್ಟ ಹೆಸರು ಇಲ್ಲಿಗೆ ಹೊಂದುವುದಿಲ್ಲ. ಆ ಮಗನ ಕಾಲದಲ್ಲಿ ಸಂಸ್ಥಾನದ ಒಳಗಿನ ಭಾರ ನಿಧಾನಕ್ಕೆ ಚೆನ್ನಮ್ಮನ ಕೈಗೆ ಬಂತು.

1818ರಲ್ಲಿ ಪೇಶ್ವೆಯವರಿಗೂ ಕಂಪೆನಿಗೂ ಕೊನೆಯ ಯುದ್ಧ ನಡೆದಾಗ ಕಿತ್ತೂರು ಕಂಪೆನಿಯ ಕಡೆ ನಿಂತಿತು. ಇದನ್ನು ಶಾಲೆಯ ಛದ್ಮವೇಷದಲ್ಲಿ ಯಾರೂ ಹೇಳುವುದಿಲ್ಲ. ಮಲ್ಲಸರ್ಜನನ್ನು ಸೆರೆಯಲ್ಲಿಟ್ಟ ಪೇಶ್ವೆಯ ಮೇಲೆ ಕಿತ್ತೂರಿಗೆ ಪ್ರೀತಿ ಇರಲು ಸಾಧ್ಯವಿರಲಿಲ್ಲ. ಸಂಸ್ಥಾನವನ್ನು ಮುಂದುವರಿಸುವ ಸನ್ನದು ಕೊಟ್ಟವನು ಥಾಮಸ್ ಮನ್ರೋ. ಅದಕ್ಕೆ ಪ್ರತಿಯಾಗಿ ವರ್ಷ ವರ್ಷ ಕಪ್ಪ ಕೊಡುವುದೆಂದು ಒಪ್ಪಂದವಾಯಿತು. ಈ ಮನ್ರೋ ನಮಗೆ ಅಪರಿಚಿತನಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಜಿಲ್ಲೆಗೆ ಮೊದಲ ಕಲೆಕ್ಟರನಾಗಿ ಬಂದವನು ಅವನೇ. ನಮ್ಮ ಕಾಸರಗೋಡು ಅಂದು ಆ ಜಿಲ್ಲೆಯ ಒಳಗೇ ಇತ್ತು. ನಮ್ಮ ಅಜ್ಜಂದಿರ ಕಾಲದ ಭೂಮಿ ಕಾಗದಗಳ ಬೇರು ಹುಡುಕಿದರೆ ಅವನ ಕಂದಾಯದ ಏರ್ಪಾಡಿಗೇ ಹೋಗಿ ಮುಟ್ಟುತ್ತದೆ.

ಇನ್ನು 1824. ಆ ವರ್ಷ ಶಿವಲಿಂಗರುದ್ರಸರ್ಜನ ಕಾಯಿಲೆ ಉಲ್ಬಣಿಸಿತು. ಮಕ್ಕಳಿರಲಿಲ್ಲ. ಮಾಸ್ತಮರಡಿ ಗೌಡರ ಮನೆಯ ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಳ್ಳುವುದೆಂದಾಯಿತು. ಚೆನ್ನಮ್ಮನೇ ದತ್ತು ಪಡೆದಳೆಂದು ಅನೇಕರು ಬರೆಯುತ್ತಾರೆ. ಕಾಗದದ ಪ್ರಕಾರ ದತ್ತು ಪಡೆದವನು ಶಿವಲಿಂಗರುದ್ರಸರ್ಜ. ಆ ಹುಡುಗ ಚೆನ್ನಮ್ಮನಿಗೆ ಮೊಮ್ಮಗನ ಸ್ಥಾನದಲ್ಲಿದ್ದ. ಸೆಪ್ಟೆಂಬರಿನಲ್ಲಿ ದೊರೆ ತೀರಿಕೊಂಡ. ದತ್ತಕವನ್ನು ತಿಳಿಸುವ, ದೊರೆಯ ರುಜು ಇರುವ ಪತ್ರ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯ ಕೈ ಸೇರಿದ್ದೂ ಅದೇ ಹೊತ್ತಿಗೆ.

ಥ್ಯಾಕರೆಗೆ ಆ ಪತ್ರದ ಮೇಲೆ ಸಂಶಯ ಬಂತು. ರುಜು ದೊರೆಯದೋ ಬೇರೆಯವರದೋ? ಪತ್ರದಲ್ಲಿರುವ ತಾರೀಕಿಗೂ ಬಂದ ದಿನಕ್ಕೂ ಇಷ್ಟು ಅಂತರ ಏಕೆ? ದತ್ತಕ ನಡೆದದ್ದು ಉಸಿರಿರುವಾಗಲೋ ಹೋದ ಮೇಲೋ? ಕಂಪೆನಿಯ ಒಪ್ಪಿಗೆಯನ್ನು ಮೊದಲೇ ಏಕೆ ಕೇಳಲಿಲ್ಲ? ಒಬ್ಬ ಗುಮಾಸ್ತನಾಗಿ ಹೇಳುವುದಾದರೆ ಇವು ಯಾವುದೂ ಕೇಳಬಾರದ ಪ್ರಶ್ನೆಗಳಲ್ಲ. ಕಡತ ನೋಡುವವನು ತಾರೀಕು ನೋಡಬೇಕು, ರುಜು ನೋಡಬೇಕು. ಆದರೆ ಪ್ರಶ್ನೆ ಹಾಕಿದವನು ಉತ್ತರ ಬರುವವರೆಗೆ ಕಾಯಬೇಕು ತಾನೇ? ಥ್ಯಾಕರೆ ಕಾಯಲಿಲ್ಲ. ಮೇಲಿನವರ ನಿರ್ಧಾರ ಬರುವ ಮೊದಲೇ ಕಿತ್ತೂರಿನ ಖಜಾನೆಗೆ ಮೊಹರು ಹಾಕಿಸಿದ, ಕಾವಲು ನಿಲ್ಲಿಸಿದ, ಆಡಳಿತವನ್ನು ಕಂಪೆನಿಯ ಕೈಗೆ ತೆಗೆದುಕೊಳ್ಳಲು ಹೊರಟ. ದತ್ತು ಮಕ್ಕಳ ಹಕ್ಕು ಇಲ್ಲವೆನ್ನುವ ನೀತಿಗೆ ಡಾಲ್‌ಹೌಸಿಯ ಹೆಸರು ಹೇಳುವುದುಂಟು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಝಾನ್ಸಿಯ ಕತೆ ಅದಕ್ಕೂ ಮೇಲಿನದು. ಕಿತ್ತೂರಿನಲ್ಲಿ ಅದಕ್ಕಿಂತ ಇಪ್ಪತ್ತನಾಲ್ಕು ವರ್ಷ ಮೊದಲೇ ಒಬ್ಬ ಜಿಲ್ಲಾಧಿಕಾರಿ ಅದನ್ನು ತನ್ನ ಮಟ್ಟದಲ್ಲೇ ಜಾರಿ ಮಾಡಲು ನೋಡಿದ್ದ.

ಚೆನ್ನಮ್ಮ ಆಗ ಏನು ಮಾಡಿದಳು? ಕತ್ತಿ ತೆಗೆದಳು ಎಂದು ನಾವೆಲ್ಲ ಕಲಿತಿದ್ದೇವೆ. ಅವಳು ಮೊದಲು ತೆಗೆದದ್ದು ಲೇಖನಿ. ಥ್ಯಾಕರೆಗೆ ಹೇಳಿಸಿದಳು. ಅವನ ಮೇಲಿನ ದಖ್ಖನ್ ಕಮಿಷನರ್ ಚಾಪ್ಲಿನ್‌ಗೆ ಬರೆಸಿದಳು. ಅದಕ್ಕೂ ಮೇಲೆ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಬರೆಸಿದಳು. ಇಂದಿನ ಮಾತಿನಲ್ಲಿ ಹೇಳಬೇಕಾದರೆ ತಾಲೂಕು ಕಚೇರಿ, ಜಿಲ್ಲಾ ಕಚೇರಿ, ರಾಜಧಾನಿ ಎಂದು ಒಂದೊಂದೇ ಮೆಟ್ಟಿಲು ಹತ್ತಿದಳು. ಮನೆತನದ ಪದ್ಧತಿಯಂತೆ ದತ್ತಕ ನಡೆದಿದೆ, ಅದನ್ನು ಮಾನ್ಯ ಮಾಡಬೇಕು, ಖಜಾನೆಯ ಕಾವಲು ತೆಗೆಯಬೇಕು ಎಂಬುದಷ್ಟೇ ಕೋರಿಕೆ. ಅನುಕೂಲದ ಉತ್ತರ ಎಲ್ಲಿಂದಲೂ ಬರಲಿಲ್ಲ.

ಇಲ್ಲಿ ನಮ್ಮದೊಂದು ಅನುಭವ ಹೇಳಿ ಮುಂದೆ ಹೋಗುತ್ತೇವೆ. ನಾವು ಕೆಲಸಕ್ಕಿದ್ದ ಕಾಲದಲ್ಲಿ, ಯಾವ ಕಚೇರಿ ಎನ್ನುವುದು ಬೇಡ, ಒಬ್ಬ ವಯಸ್ಸಾದ ಹೆಂಗಸು ಬರುತ್ತಿದ್ದರು. ಗಂಡ ಹೋದ ಮೇಲೆ ಜಾಗದ ಹಕ್ಕುಪತ್ರದಲ್ಲಿ ಹೆಸರು ಬದಲಾಯಿಸಬೇಕಿತ್ತು. ಅರ್ಜಿ ಕನ್ನಡದಲ್ಲಿ ಇತ್ತು. ಅದನ್ನು ಓದಬಲ್ಲವರು ಆ ವಿಭಾಗದಲ್ಲಿ ಆಗ ಇರಲಿಲ್ಲ, ನಾವು ಬೇರೆ ವಿಭಾಗದಲ್ಲಿ ಇದ್ದೆವು. ಬೇರೆ ಭಾಷೆಯಲ್ಲಿ ಬರೆಸಿಕೊಂಡು ಬನ್ನಿ ಎಂದು ಕಳಿಸಿದರು. ಬರೆಸಿಕೊಂಡು ಬಂದಾಗ ಎರಡರಲ್ಲೂ ಗಂಡನ ಹೆಸರಿನ ಅಕ್ಷರ ಒಂದೇ ರೀತಿ ಇಲ್ಲವೆಂದು ಮತ್ತೆ ತಿರುಗಿಸಿದರು. ಹೀಗೆ ಎರಡು ವರ್ಷ. ಅವರು ಜೋರು ಮಾತಾಡಿದ್ದನ್ನು ನಾವು ಕೇಳಿಲ್ಲ. ಪ್ರತಿ ಸಲವೂ ರಶೀದಿ ಕೇಳಿ ಪಡೆದು, ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ತಾರೀಕಿನ ಪ್ರಕಾರ ಜೋಡಿಸಿಟ್ಟುಕೊಳ್ಳುತ್ತಿದ್ದರು. ಓದಲು ಬಾರದವರು ತಾರೀಕಿನ ಕ್ರಮ ಹೇಗೆ ಹಿಡಿದರೆಂದು ಕೇಳಿದರೆ, ಕಾಗದದ ಬಣ್ಣ ಮಾಸಿದ್ದನ್ನು ನೋಡಿ ಗೊತ್ತಾಗುತ್ತದೆ ಎಂದಿದ್ದರು. ಕೊನೆಗೆ ಕೆಲಸ ಆಯಿತು. ನಾವೂ ಸ್ವಲ್ಪ ಕೈ ಹಾಕಿದೆವು, ಆದರೆ ಬೇಗ ಹಾಕಲಿಲ್ಲ ಎಂಬ ಅಳುಕು ಇಂದಿಗೂ ಇದೆ. ಚೆನ್ನಮ್ಮನ ಅರ್ಜಿಗಳ ಸಂಗತಿ ಓದುವಾಗ ನಮಗೆ ಆ ತೊಟ್ಟೆ ಕಣ್ಣ ಮುಂದೆ ಬರುತ್ತದೆ. ಕುದುರೆ ಮೇಲಿನ ಪ್ರತಿಮೆ ಬರುವುದಿಲ್ಲ.

ಅಕ್ಟೋಬರಿನಲ್ಲಿ ಥ್ಯಾಕರೆ ಸೈನ್ಯ, ತೋಪುಗಳೊಂದಿಗೆ ಕಿತ್ತೂರಿಗೇ ಬಂದು ಡೇರೆ ಹಾಕಿದ. 23ರ ಬೆಳಿಗ್ಗೆ ಕೋಟೆಯ ಬಾಗಿಲು ಮುಚ್ಚಿತ್ತು. ತೆಗೆಯಲು ಕೆಲವೇ ನಿಮಿಷಗಳ ಗಡುವು ಕೊಟ್ಟ. ಗಡುವು ಮುಗಿಯುವಾಗ ಬಾಗಿಲು ತೆರೆಯಿತು, ಒಳಗಿನಿಂದ ಸರದಾರ ಗುರುಸಿದ್ದಪ್ಪನ ದಂಡು ಹೊರಗೆ ನುಗ್ಗಿತು. ಥ್ಯಾಕರೆ ಅಲ್ಲೇ ಸತ್ತ. ಅವನಿಗೆ ಗುಂಡಿಟ್ಟವನು ಅಮಟೂರು ಬಾಳಪ್ಪ ಎಂದು ಕಿತ್ತೂರು ಸೀಮೆಯಲ್ಲಿ ಹಾಡುತ್ತಾರೆ. ಕಂಪೆನಿಯ ಇನ್ನೂ ಕೆಲವು ಅಧಿಕಾರಿಗಳು ಸತ್ತರು. ಆ ದಿನಗಳಲ್ಲಿ ಕಂಪೆನಿಗೆ ಬರ್ಮಾದಲ್ಲಿ ಯುದ್ಧ ನಡೆಯುತ್ತಿತ್ತು, ಮರು ವಾರವೇ ಬಂಗಾಳದ ಬ್ಯಾರಕ್‌ಪುರದಲ್ಲಿ ಸಿಪಾಯಿಗಳು ತಿರುಗಿಬಿದ್ದರು. ಅಂಥ ಹೊತ್ತಿನಲ್ಲಿ ಧಾರವಾಡದ ಕಲೆಕ್ಟರನೇ ಒಂದು ಸಣ್ಣ ಸಂಸ್ಥಾನದ ಬಾಗಿಲಲ್ಲಿ ಹತನಾದನೆಂದರೆ ಮುಂಬಯಿಯಲ್ಲಿ ಎಷ್ಟು ಗಾಬರಿಯಾಗಿರಬೇಕು. ಈ ಥ್ಯಾಕರೆ ಮುಂದೆ ಇಂಗ್ಲಿಷ್ ಕಾದಂಬರಿಕಾರನೆಂದು ಹೆಸರಾದ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಚಿಕ್ಕಪ್ಪ.

ಸೆರೆ ಸಿಕ್ಕಿದವರಲ್ಲಿ ಸ್ಟೀವನ್ಸನ್ ಮತ್ತು ವಾಲ್ಟರ್ ಎಲಿಯಟ್ ಎಂಬಿಬ್ಬರು ಅಧಿಕಾರಿಗಳಿದ್ದರು. ಎಲಿಯಟ್‌ನಿಗೆ ಆಗ ಇಪ್ಪತ್ತೊಂದು ವರ್ಷ. ಸುಮಾರು ಆರು ವಾರ ಅವರು ಕಿತ್ತೂರಿನ ವಶದಲ್ಲಿದ್ದರು. ಅವರಿಗೆ ಕಿರುಕುಳ ಕೊಡಲಿಲ್ಲ, ಗೌರವದಿಂದಲೇ ನೋಡಿಕೊಂಡರು. ಎಲಿಯಟ್ ಮುಂದೆ ಏನಾದ ಎನ್ನುವುದು ನಮ್ಮ ಸದಸ್ಯರಿಗೆ ತಿಳಿದಿರಲಿ. ಧಾರವಾಡ ಸೀಮೆಯಲ್ಲಿ ಊರೂರು ತಿರುಗಿ ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿದವನು, ಆ ಶಾಸನಗಳ ಆಧಾರದಿಂದ ಚಾಲುಕ್ಯರ ವಂಶಾವಳಿಯನ್ನು ಹೊರಗಿನ ಲೋಕಕ್ಕೆ ಮೊದಲಿಗೆ ತಿಳಿಸಿದವರಲ್ಲಿ ಒಬ್ಬನಾದವನು ಇದೇ ಎಲಿಯಟ್. ಅಮರಾವತಿಯ ಶಿಲ್ಪಗಳು ಲಂಡನ್ನಿನ ಮ್ಯೂಸಿಯಂಗೆ ಹೋದ ಸಂಗತಿಯಲ್ಲೂ ಅವನ ಹೆಸರು ಬರುತ್ತದೆ, ಅದು ಬೇರೆ ವಿಷಯ. ಕಿತ್ತೂರಿನಲ್ಲಿ ಅಂದು ಯಾರಾದರೂ ಸೇಡಿನ ಕತ್ತಿ ಬೀಸಿದ್ದರೆ ನಮ್ಮ ಶಾಸನಗಳ ಕತೆಯೂ ಸ್ವಲ್ಪ ಬೇರೆಯಾಗುತ್ತಿತ್ತು.

ಒತ್ತೆಯಾಳುಗಳನ್ನು ಬಿಟ್ಟರೆ ಯುದ್ಧ ಮುಂದುವರಿಸುವುದಿಲ್ಲ ಎಂಬ ಭರವಸೆ ಚಾಪ್ಲಿನ್ ಕಡೆಯಿಂದ ಬಂತು. ಚೆನ್ನಮ್ಮ ನಂಬಿದಳು. ಡಿಸೆಂಬರ್ ಮೊದಲಲ್ಲಿ ಇಬ್ಬರನ್ನೂ ಬಿಟ್ಟುಕೊಟ್ಟಳು. ಅವರು ಹೊರಗೆ ಹೋದ ಮರುದಿನವೇ ಕೋಟೆಯ ಮೇಲೆ ಕಂಪೆನಿಯ ತೋಪುಗಳು ಹಾರತೊಡಗಿದವು. ಪುಣೆ, ಶೋಲಾಪುರ, ಮೈಸೂರು ಕಡೆಗಳಿಂದ ಸೈನ್ಯ ಕೂಡಿಸಿದ್ದರು. ಆ ಕಾದಾಟದಲ್ಲಿ ಶೋಲಾಪುರದ ಸಬ್ ಕಲೆಕ್ಟರ್ ಮನ್ರೋ ಸತ್ತ, ಸನ್ನದು ಕೊಟ್ಟ ಥಾಮಸ್ ಮನ್ರೋನ ಸಂಬಂಧಿ. 5ರಂದು ಕೋಟೆ ಬಿತ್ತು. ಮಲ್ಲಪ್ಪಶೆಟ್ಟಿ, ವೆಂಕಟರಾಯ ಎಂಬಿಬ್ಬರು ದ್ರೋಹ ಮಾಡಿ ಮದ್ದಿಗೆ ಸಗಣಿ ಬೆರೆಸಿದ್ದರಿಂದ ಕೋಟೆ ಬಿತ್ತೆಂದು ಜನ ಹೇಳುತ್ತಾರೆ, ಚಿತ್ರಗಳಲ್ಲಿ, ನಾಟಕಗಳಲ್ಲಿ ಅದೇ ಬರುತ್ತದೆ. ದ್ರೋಹ ಇದ್ದಿರಬಹುದು. ಆದರೆ ನಮ್ಮ ಅನಿಸಿಕೆ ಏನೆಂದರೆ, ಸೋತದ್ದಕ್ಕೆ ಇಬ್ಬರು ಕೆಟ್ಟವರನ್ನು ತೋರಿಸಿಬಿಟ್ಟರೆ ಮನಸ್ಸಿಗೆ ಸಮಾಧಾನ, ಎದುರಿಗೆ ಎಷ್ಟು ತೋಪು ಇತ್ತೆಂದು ಎಣಿಸುವುದು ತಪ್ಪುತ್ತದೆ.

ಯುದ್ಧ ನಡೆದ ದಿನಗಳನ್ನು ಕೂಡಿಸಿ ನೋಡಿ. ಅಕ್ಟೋಬರಿನಲ್ಲಿ ಒಂದು ದಿನ, ಡಿಸೆಂಬರಿನಲ್ಲಿ ಮೂರು ದಿನ. ಕೈಬೆರಳಲ್ಲಿ ಎಣಿಸಬಹುದು. ಪಾರ್ಲಿಮೆಂಟಿನ ಆವರಣದಲ್ಲಿ 2007ರಲ್ಲಿ ಅನಾವರಣವಾದ ಪ್ರತಿಮೆ, ಹುಬ್ಬಳ್ಳಿಯ ಚೆನ್ನಮ್ಮ ವೃತ್ತದ ಪ್ರತಿಮೆ, ಶಾಲೆಯ ಮಕ್ಕಳ ರಟ್ಟಿನ ಕತ್ತಿ ಎಲ್ಲವೂ ಆ ನಾಲ್ಕು ದಿನಗಳ ಚೆನ್ನಮ್ಮನವು. ಅಂದು ಅವಳ ವಯಸ್ಸು ನಲವತ್ತಾರು. ಮುಂದಿನ ನಾಲ್ಕು ವರ್ಷ ಎರಡು ತಿಂಗಳನ್ನು ಅವಳು ಕಳೆದದ್ದು ಬೈಲಹೊಂಗಲದ ಕೋಟೆಯಲ್ಲಿ, ಕಾವಲಿನಲ್ಲಿ.

ಆ ನಾಲ್ಕು ವರ್ಷಗಳ ಬಗ್ಗೆ ಬರೆದವರು ಕಡಿಮೆ. ತೋರಿಸುವುದಕ್ಕೆ ಕುದುರೆಯಿಲ್ಲ, ಕತ್ತಿಯಿಲ್ಲ. ಜೊತೆಗೆ ಶಿವಲಿಂಗರುದ್ರಸರ್ಜನ ಹೆಂಡತಿ ವೀರವ್ವ ಇದ್ದಳು. ಅತ್ತೆ ಸೊಸೆ ಇಬ್ಬರೂ ವಿಧವೆಯರು. ಹೊತ್ತು ಹೋಗುತ್ತಿದ್ದದ್ದು ಲಿಂಗಪೂಜೆಯಲ್ಲಿ, ಪುರಾಣ ವಚನಗಳನ್ನು ಕೇಳುವುದರಲ್ಲಿ ಎಂದು ಹೇಳುತ್ತಾರೆ. ಸಂಗೊಳ್ಳಿ ರಾಯಣ್ಣ ವೇಷ ಮರೆಸಿಕೊಂಡು ಒಳಗೆ ಬಂದು ಕಂಡು ಹೋಗುತ್ತಿದ್ದ ಎಂಬ ಮಾತೂ ಆ ಸೀಮೆಯಲ್ಲಿದೆ. ಸೆರೆಮನೆಯ ಕಿಟಕಿಯಿಂದ ಕಿತ್ತೂರು ಕಾಣುತ್ತಿರಲಿಲ್ಲ, ಆದರೆ ದೂರವೂ ಅಲ್ಲ. ಇಂದು ಬಸ್ಸಿನಲ್ಲಿ ಒಂದು ಗಂಟೆಯ ದಾರಿ. 1829ರ ಫೆಬ್ರವರಿಯಲ್ಲಿ ಚೆನ್ನಮ್ಮ ಅಲ್ಲೇ ತೀರಿಕೊಂಡಳು. ಐವತ್ತು ತುಂಬಿತ್ತಷ್ಟೆ. ಸಮಾಧಿ ಬೈಲಹೊಂಗಲದಲ್ಲಿದೆ.

ರಾಯಣ್ಣ ಅದರ ಮೇಲೆ ಆ ದತ್ತು ಹುಡುಗನ ಹೆಸರಿನಲ್ಲೇ ಜನ ಕಟ್ಟಿ ಎದ್ದ. ಕಂಪೆನಿಯ ಕಚೇರಿಗಳಿಗೆ ಬೆಂಕಿ ಹಾಕಿದ, ಭೂಮಿಯ ದಾಖಲೆಗಳನ್ನು ಸುಟ್ಟ. ಗುಮಾಸ್ತರಾದ ನಮಗೆ ದಾಖಲೆ ಸುಡುವುದೆಂದರೆ ಎದೆ ಧಸಕ್ಕೆನ್ನುತ್ತದೆ, ಆದರೂ ಅವನಿಗೆ ಸಿಟ್ಟು ಯಾವುದರ ಮೇಲೆ ಇತ್ತೆಂಬುದು ಅದರಿಂದಲೇ ತಿಳಿಯುತ್ತದೆ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ನೇಣು ಹಾಕಿದರು.

ನಮ್ಮ ಸಂಘದಿಂದ ಕೆಲವು ವರ್ಷ ಹಿಂದೆ ಉತ್ತರ ಕರ್ನಾಟಕ ಪ್ರವಾಸ ಹೋದಾಗ ಕಿತ್ತೂರಿನಲ್ಲಿ ಇಳಿದದ್ದು ಹಲವರಿಗೆ ನೆನಪಿರಬಹುದು. ಕೋಟೆಯೊಳಗೆ ಅರಮನೆಯ ಮುರಿದ ಗೋಡೆಗಳು, ಸ್ನಾನದ ತೊಟ್ಟಿಗಳು, ನೀರು ಹರಿಯಲು ಮಾಡಿದ ಕೊಳವೆಗಳು, ಗೋಡೆಯಲ್ಲಿ ಧ್ರುವನಕ್ಷತ್ರ ನೋಡಲೆಂದು ಮಾಡಿದ ತೂತು. ಹಗಲಾದ್ದರಿಂದ ನಕ್ಷತ್ರ ಕಾಣಲಿಲ್ಲ, ಎಲ್ಲರೂ ಸಾಲಾಗಿ ನಿಂತು ಬರಿಯ ಆಕಾಶ ನೋಡಿ ಬಂದೆವು. ಬೈಲಹೊಂಗಲಕ್ಕೆ ಹೋಗಲು ಸಮಯ ಸಾಲದೆ ಬಿಟ್ಟೆವು. ಪಟ್ಟಿಯಲ್ಲಿ ಅದನ್ನು ಕೊನೆಗೆ ಹಾಕಿದ್ದು ನಮ್ಮದೇ ತಪ್ಪು.

ಇನ್ನು ಚಿತ್ರದ ಬಗ್ಗೆ. ನಿರ್ದೇಶಕ ಬಿ. ಆರ್. ಪಂತುಲು ನಮ್ಮ ಹಾಗೆಯೇ ಗಡಿನಾಡಿನವರು, ಕೋಲಾರ ಸೀಮೆಯಲ್ಲಿ 1910ರಲ್ಲಿ ಹುಟ್ಟಿದವರು. ಮದರಾಸಿನಲ್ಲಿ ಪದ್ಮಿನಿ ಪಿಕ್ಚರ್ಸ್ ಕಟ್ಟಿ ಕನ್ನಡದಲ್ಲೂ ತಮಿಳಿನಲ್ಲೂ ಚಿತ್ರ ಮಾಡಿದರು. ಕಿತ್ತೂರು ಚೆನ್ನಮ್ಮಕ್ಕೆ ಎರಡು ವರ್ಷ ಮೊದಲು, 1959ರಲ್ಲಿ, ಶಿವಾಜಿ ಗಣೇಶನ್ ಅವರನ್ನು ಹಾಕಿಕೊಂಡು 'ವೀರಪಾಂಡ್ಯ ಕಟ್ಟಬೊಮ್ಮನ್' ತೆಗೆದು ದೊಡ್ಡ ಹೆಸರು ಮಾಡಿದ್ದರು. ಅಲ್ಲಿಯೂ ಕಂಪೆನಿ, ಅಲ್ಲಿಯೂ ಕಪ್ಪದ ಮಾತು. ಆ ಚಿತ್ರದ ಗಾಳಿ ಇದರ ಮೇಲೆ ಬೀಸಿದೆ ಎಂದು ನಮಗೆ ಅನಿಸುತ್ತದೆ. ಅರ್ಜಿ ಬರೆದ ಚೆನ್ನಮ್ಮನಿಗಿಂತ ಗರ್ಜಿಸಿದ ಚೆನ್ನಮ್ಮ ಜನರ ನೆನಪಿನಲ್ಲಿ ಉಳಿದದ್ದಕ್ಕೆ ಇದೂ ಒಂದು ಕಾರಣ ಇರಬೇಕು. ಮಲ್ಲಸರ್ಜನಾಗಿ ರಾಜಕುಮಾರ್, ರುದ್ರಮ್ಮನಾಗಿ ಎಂ. ವಿ. ರಾಜಮ್ಮ, ವೀರವ್ವನಾಗಿ ಲೀಲಾವತಿ ಇದ್ದಾರೆ. ಸಂಗೀತ ಟಿ. ಜಿ. ಲಿಂಗಪ್ಪ ಅವರದು. ಆ ವರ್ಷದ ಕನ್ನಡ ಚಿತ್ರಕ್ಕೆ ಸಲ್ಲುವ ರಾಷ್ಟ್ರ ಮಟ್ಟದ ಗೌರವವೂ ಬಂತು.

ಸರೋಜಾದೇವಿಯವರಿಗೆ ಆಗ ಇಪ್ಪತ್ತಮೂರು. ತಮ್ಮ ವಯಸ್ಸಿಗೆ ಎರಡರಷ್ಟು ವಯಸ್ಸಿನ ಹೆಂಗಸಿನ ಪಾತ್ರ. ಮುಖದಲ್ಲಿ ಎಳೆತನ ಕಾಣುತ್ತದೆ, ಅದನ್ನು ಅಡಗಿಸಲಾಗದು. ನಾವು ಈಚೆಗೆ ಮತ್ತೆ ನೋಡಿದಾಗ ಕಪ್ಪದ ದೃಶ್ಯ ಬರುವುದನ್ನು ಎಲ್ಲರಂತೆ ಕಾದೆವು, ಬಂತು, ಚಪ್ಪಾಳೆ ತಟ್ಟುವಷ್ಟು ಚೆನ್ನಾಗಿಯೇ ಇದೆ. ಮನಸ್ಸಿನಲ್ಲಿ ನಿಂತದ್ದು ಬೇರೆ. ಚಿತ್ರದಲ್ಲಿ ಅಕ್ಕಮಹಾದೇವಿಯ ಒಂದು ವಚನವನ್ನು ಹಾಡಾಗಿ ಇಟ್ಟಿದ್ದಾರೆ, ಹಾಡಿದವರು ಪಿ. ಸುಶೀಲ. ಭಜನೆಗಳಲ್ಲಿ ಇಂದಿಗೂ ಅದೇ ರಾಗದಲ್ಲಿ ಹಾಡುವವರು ನಮ್ಮ ಕಡೆಯೂ ಇದ್ದಾರೆ, ಸಿನಿಮಾದ್ದೆಂದು ಅವರಿಗೇ ಗೊತ್ತಿಲ್ಲ. ದೊಡ್ಡ ದನಿಯ ಮಾತುಗಳ ನಡುವೆ ಆ ಹಾಡು ಬಂದಾಗ ಬೈಲಹೊಂಗಲದ ಆ ನಾಲ್ಕು ವರ್ಷ ಹೀಗೇ ಕಳೆದಿರಬೇಕೆಂದು ತೋಚಿತು. ಆ ಭಾಗ ಬರುವಾಗ ದಯವಿಟ್ಟು ಯಾರೂ ಎದ್ದು ಚಹಾಕ್ಕೆ ಹೋಗಬೇಡಿ.

ಒಂದು ವಿಷಯ ಬಿಟ್ಟುಹೋಗುತ್ತಿತ್ತು. ಬೆಳಗಾವಿಗೂ ನಮಗೂ ಏನು ಸಂಬಂಧ ಎಂದು ಒಬ್ಬ ಹಿರಿಯ ಸದಸ್ಯರು ಸಮಿತಿಯಲ್ಲಿ ಕೇಳಿದ್ದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. ಎರಡೂ ಕಡೆ ತಕರಾರು ಉಳಿಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಎರಡೂ ಊರುಗಳ ಕಡತವನ್ನು ಒಟ್ಟಿಗೇ ನೋಡಿ, 1967ರಲ್ಲಿ ವರದಿ ಕೊಟ್ಟಿತು. ಬೆಳಗಾವಿ ಇದ್ದಲ್ಲೇ ಇರಲಿ, ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಮೈಸೂರಿಗೆ ಸೇರಲಿ ಎಂದು ಅದರಲ್ಲಿತ್ತು. ರಾಯಣ್ಣನನ್ನು ನೇಣು ಹಾಕಿದ ನಂದಗಡವನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದೂ ಅದೇ ವರದಿಯಲ್ಲಿತ್ತು. ಯಾವುದೂ ಜಾರಿಯಾಗಲಿಲ್ಲ. ನಂದಗಡ ಅಲ್ಲೇ ಇದೆ, ನಾವೂ ಇಲ್ಲೇ ಇದ್ದೇವೆ. ಹೀಗೆ ಕಿತ್ತೂರಿನ ಸೀಮೆಯೂ ನಮ್ಮ ಸೀಮೆಯೂ ಒಂದೇ ವರದಿಯ ಬೇರೆ ಬೇರೆ ಪುಟಗಳಲ್ಲಿವೆ ಎಂದು ಆ ಹಿರಿಯರಿಗೆ ಹೇಳಿದೆವು. ಅವರು ತಲೆಯಾಡಿಸಿ, ಹಾಗಾದರೆ ಚಿತ್ರ ಹಾಕಿ ಎಂದರು.

ಪ್ರದರ್ಶನ ಮಧ್ಯಾಹ್ನ 2.30ಕ್ಕೆ ಸರಿಯಾಗಿ ಆರಂಭ. ಹಳೆಯ ಕಾಲದ ಉದ್ದದ ಚಿತ್ರ, ಮುಳ್ಳೇರಿಯ ಮತ್ತು ವಿಟ್ಲ ಕಡೆಯವರಿಗೆ ಸಂಜೆಯ ಬಸ್ಸು ತಪ್ಪಬಾರದೆಂದು ಸಮಯ ಹಿಂದೆ ಹಾಕಿದ್ದೇವೆ. ಪ್ರತಿಯಲ್ಲಿ ಧ್ವನಿ ಕೆಲವೆಡೆ ಮಂದವಾಗಿದೆ, ಕಿವಿ ಮಂದ ಇರುವ ಹಿರಿಯರಿಗೆ ಮುಂದಿನ ಎರಡು ಸಾಲು ಮೀಸಲು. ನಡುವೆ ವಿರಾಮದಲ್ಲಿ ಚಹಾ, ಗೋಳಿಬಜೆ ಇದೆ. ಮಕ್ಕಳನ್ನು ಕರೆತನ್ನಿ, ರಟ್ಟಿನ ಕತ್ತಿ ತಂದರೂ ಅಡ್ಡಿಯಿಲ್ಲ. ಬೈಲಹೊಂಗಲವನ್ನು ಮೊದಲ ದಿನವೇ ಸೇರಿಸಿ ಮತ್ತೊಂದು ಪ್ರವಾಸ ಮಾಡುವ ಆಲೋಚನೆಯೂ ಇದೆ. ಬರುವವರು ಬಾಗಿಲಲ್ಲಿ ಇಟ್ಟಿರುವ ಪುಸ್ತಕದಲ್ಲಿ ಹೆಸರು ಬರೆದು ರುಜು ಹಾಕಬೇಕು. ತಾರೀಕು ಹಾಕಲು ಮರೆಯಬೇಡಿ.

ಅಧ್ಯಕ್ಷರ ಅನುಮತಿಯ ಮೇರೆಗೆ,
ಕಾರ್ಯದರ್ಶಿ